ಅಜ್ಜಿ ಬಾಯಲ್ಲಿ ನನ್ನ ಹಲ್ಲು

ಇವತ್ತು ಬೆಳಿಗ್ಗೆ ಒಲೆ ಮೇಲೆ ಹಾಲು ಉಕ್ಕಿತು. ಉಕ್ಕಿದ ಹಾಲು ಬರ್ನರಿಗೆ ಸೋಕಿ ಸೀದ ವಾಸನೆ ಬಂದರೆ ನಿಮಗೆ ಏನು ನೆನಪಾಗುತ್ತೋ ಗೊತ್ತಿಲ್ಲ. ಗೃಹಪ್ರವೇಶ ನೆನಪಾಗಬಹುದು, ಹೆಂಡತಿಯ ಬೈಗುಳ ನೆನಪಾಗಬಹುದು. ನನಗೆ ನೆನಪಾಗೋದು ನನ್ನ ಹಲ್ಲು. ನಾಲಿಗೆ ತಾನಾಗಿಯೇ ಎದ್ದು ಹೋಗಿ ಮೇಲಿನ ಸಾಲಿನ ಮುಂದಿನ ಬಲಗಡೆ ಹಲ್ಲಿನ ಬೆನ್ನು ತಟ್ಟುತ್ತೆ, ಇದ್ದೀಯಾ ಗುರು ಅಂತ. ಇಷ್ಟು ವರ್ಷ ಅದು ಇದ್ದೀನಿ ಅಂತಲೇ ಹೇಳ್ತಾ ಬಂದಿತ್ತು. ಇವತ್ತು ಅಲ್ಲಾಡಿತು.

ಗ್ಯಾಸ್ ಆರಿಸೋದನ್ನೂ ಮರೆತು ನಿಂತೆ. ಮಿಮಿಕ್ರಿ ಮಾಡಿ ಬದುಕುವವನಿಗೆ ಮುಂದಿನ ಹಲ್ಲು ಅಂದರೆ ಹಾರ್ಮೋನಿಯಂನವನಿಗೆ ಬೆರಳಿದ್ದ ಹಾಗೆ. ಅಪಾರ್ಟ್‌ಮೆಂಟುಗಳ ರಾಜ್ಯೋತ್ಸವ, ಕಂಪನಿಗಳ ವಾರ್ಷಿಕೋತ್ಸವ, ಸಂಬಂಧಿಕರ ನಾಮಕರಣ, ಎಲ್ಲ ಕಡೆ ನಾನು ಊರವರ ದನಿ ಕದ್ದು ಊರವರಿಗೇ ಮಾರುವವನು. ಈ ಹಲ್ಲು ಹೋದರೆ ‘ಸ’ ಅನ್ನೋ ಜಾಗದಲ್ಲಿ ಬರೀ ಗಾಳಿ ಬರುತ್ತೆ. ಅದಕ್ಕಿಂತ ಹೆಚ್ಚಾಗಿ, ಈ ಹಲ್ಲು ಬರೀ ನನ್ನದಲ್ಲ. ಅದರಲ್ಲಿ ಅಜ್ಜಿಯ ಪಾಲಿದೆ. ಹೇಗೆ ಅಂತ ಹೇಳ್ತೀನಿ, ಕೂತ್ಕೊಳ್ಳಿ.

ಆಗ ನಾನು ಮೂರನೇ ಕ್ಲಾಸು. ಮನೆ ಹುಣಸಮಾರನಹಳ್ಳಿಯಲ್ಲಿ, ಏರ್‌ಪೋರ್ಟ್ ರಸ್ತೆಯಿಂದ ಒಳಕ್ಕೆ. ಒಂದು ದಿನ ನಮ್ಮ ಶಾಲೆಗೆ ಹಲ್ಲಿನ ಡಾಕ್ಟರಮ್ಮ ಒಬ್ಬರು ಬಂದರು. ಮಕ್ಕಳಿಗೆ ಮಾತ್ರ ನೋಡುವ ಡಾಕ್ಟರಂತೆ. ಅಲ್ಲಾಳಸಂದ್ರದಲ್ಲಿ ಕ್ಲಿನಿಕ್ಕು, ಊರು ಹುಬ್ಬಳ್ಳಿ ಕಡೆ. ದೊಡ್ಡ ಪ್ಲಾಸ್ಟಿಕ್ ದವಡೆ ಹಿಡಿದುಕೊಂಡು ಹಲ್ಲುಜ್ಜೋದು ತೋರಿಸಿದರು. ಕೊನೆಗೆ, “ಆಟಾ ಆಡೂ ಮುಂದ ಬಿದ್ದು ಹಲ್ಲು ಕಿತ್ತು ಬಂತಂದ್ರ ತಿಕ್ಕಿ ತೊಳೀಬ್ಯಾಡ್ರಿ, ಒಣಗಾಕ ಬಿಡಬ್ಯಾಡ್ರಿ. ಹಾಲಿನ್ಯಾಗ ಹಾಕ್ಕೊಂಡು ಲಗೂನ ಬರ್ರಿ, ವಾಪಸ್ ಕೂಡಸ್ತೀನಿ” ಅಂದರು. ಎಲ್ಲರಿಗೂ ಹಲ್ಲಿನ ಆಕಾರದ, ಫ್ರಿಜ್ಜಿಗೆ ಅಂಟುವ ಒಂದು ಅಯಸ್ಕಾಂತ ಕೊಟ್ಟರು. ಅದರ ಮೇಲೆ ಫೋನ್ ನಂಬರು.

ಆ ಕನ್ನಡ ನನ್ನ ಕಿವಿಗೆ ಬಿದ್ದದ್ದೇ ಬಿದ್ದದ್ದು. ಅವರು ಬಾಗಿಲು ದಾಟುವ ಮೊದಲೇ ಬೆಂಚಿನ ಮೇಲೆ ಹತ್ತಿ, “ಬಾಯಿ ತಗೀಪಾ ತಮ್ಮಾ, ಒಣಗಾಕ ಬಿಡಬ್ಯಾಡ!” ಅಂತ ಅವರ ದನಿಯಲ್ಲೇ ಕೂಗಿದೆ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ಡಾಕ್ಟರು ತಿರುಗಿ ನೋಡಿದರು. ಬೈಯಲಿಲ್ಲ. ನನ್ನ ಮುಖವನ್ನು ಅಳತೆ ತಗೊಂಡವರ ಹಾಗೆ ನೋಡಿ ಹೋದರು. ಆ ನೋಟಕ್ಕೆ ನಾನು ಬೆಂಚಿನಿಂದ ಇಳಿದು ಮುಂದಿನವನ ಬೆನ್ನ ಹಿಂದೆ ಅಡಗಿದೆ.

ಮನೆಯಲ್ಲಿ ಅಜ್ಜಿಗೆ ಹೇಳಿದಾಗ ಅಜ್ಜಿ ನಕ್ಕಿದ್ದು ಬೇರೆ ಕಾರಣಕ್ಕೆ. ಅವಳ ಬಾಯಲ್ಲಿ ಹಲ್ಲು ‘ಅಲ್ಲು’, ಹಾಲು ‘ಆಲು’. “ಬಿದ್ದೋಗೋ ಅಲ್ಲಿಗೂ ಒಬ್ಬ ಡಾಕ್ಟ್ರಾ? ಮೋಡಕ್ಕೆ ಮುಲಾಮು ಅಚ್ದಂಗಾಯ್ತು!”

ಅಜ್ಜಿಯ ಪ್ರಕಾರ ಮಕ್ಕಳ ಹಲ್ಲಿಗೆ ಇರುವ ಚಿಕಿತ್ಸೆ ಒಂದೇ: ಬಿದ್ದ ಹಲ್ಲನ್ನು ಸಗಣಿ ಉಂಡೆಯಲ್ಲಿಟ್ಟು ಸೂರಿನ ಮೇಲೆ ಎಸೆಯೋದು. ನಮ್ಮದು ಆರ್‌ಸಿಸಿ ಮನೆ, ಸೂರಿಲ್ಲ. ಅದಕ್ಕೆ ಪಕ್ಕದ ಇಲಿಯಾಸಣ್ಣನ ಶೆಡ್ಡು ಗೊತ್ತುಮಾಡಿಕೊಂಡಿದ್ದಳು. ಇಲಿಯಾಸಣ್ಣ ಯಲಹಂಕ ಮಾರ್ಕೆಟ್ಟಿಗೆ ಟೊಮ್ಯಾಟೊ ಹೊಡೆಯುವ ಗೂಡ್ಸ್ ಆಟೋದವರು. ಆಟೋ ನಿಲ್ಲಿಸಲು ಶೀಟಿನ ಶೆಡ್ಡು ಹಾಕಿದ್ದರು. ಒಂದನೇ ಕ್ಲಾಸಿನಿಂದ ಉದುರಿದ ನನ್ನ ಹಲ್ಲುಗಳೆಲ್ಲ ಆ ಶೀಟಿನ ಮೇಲೇ. ಅಜ್ಜಿಯ ಎಸೆತ ಒಂದೂ ತಪ್ಪಿರಲಿಲ್ಲ.

ಯಲಹಂಕದ ವಾಯುನೆಲೆಯಲ್ಲಿ ವಿಮಾನ ಪ್ರದರ್ಶನ ಇರುವ ವಾರ ನಮ್ಮ ಕಡೆಯವರಿಗೆ ಕೆಲಸ ಕಾರ್ಯ ಅಂತ ಏನೂ ಇರಲ್ಲ. ತಾರಸಿಗಳ ಮೇಲೆ ಚಾಪೆ ಹಾಸಿ, ಕಡ್ಲೆಪುರಿ ಇಟ್ಟುಕೊಂಡು, ಕತ್ತು ಮೇಲಕ್ಕೆ ಮಾಡಿ ಕೂತಿರ್ತಾರೆ. ಆ ದಿನ ನಮ್ಮ ತಾರಸಿಯ ಮೇಲೆ ನಾನು, ಅಜ್ಜಿ, ಅಜ್ಜಿಯ ಸಂಡಿಗೆ. ವಿಮಾನ ತಲೆ ಮೇಲೆ ಹರಿದುಹೋಗುತ್ತಿತ್ತು, ಅದರ ಹಿಂದೆ ಅದರ ಸದ್ದು. ಬಂದ ಸದ್ದು ಯಾವುದಾದರೇನು, ನಾನು ಬಿಡ್ತೀನಾ? ಎರಡೂ ಕೈ ರೆಕ್ಕೆ ಮಾಡಿಕೊಂಡು, ಬಾಯಿ ಅಗಲಿಸಿ, ಗಂಟಲಿನಿಂದ “ಆಆಆಆ…” ಅಂತ ಎಳೆಯುತ್ತಾ ತಾರಸಿಯ ಈ ತುದಿಯಿಂದ ಆ ತುದಿಗೆ ಹಾರಿದೆ. ಕಣ್ಣು ಆಕಾಶದಲ್ಲಿತ್ತು. ನೀರಿನ ಟ್ಯಾಂಕಿನ ಕಬ್ಬಿಣದ ಪೈಪು ಭೂಮಿಯ ಮೇಲಿತ್ತು.

ನೋವು ಆಮೇಲೆ ಬಂತು. ಮೊದಲು ಬಂದದ್ದು ಬಾಯಿ ತುಂಬ ಉಪ್ಪು. ಅಜ್ಜಿ ಓಡಿ ಬಂದು ಸೆರಗಿನಲ್ಲಿ ನನ್ನ ಬಾಯಿ ಒತ್ತಿ ಹಿಡಿದಳು. ಸಂಡಿಗೆಯ ಬಟ್ಟೆಯ ಮೇಲೆ ನನ್ನ ಹಲ್ಲು ಬಿದ್ದಿತ್ತು, ಸಂಡಿಗೆಗಳ ನಡುವೆ ಇನ್ನೊಂದು ಸಂಡಿಗೆಯ ಹಾಗೆ.

“ಅಯ್ಯೋ ಅಷ್ಟೇನಾ, ಅಲ್ಲು ಓಯ್ತಾ? ಓಗ್ಲಿ ಬುಡು ಮರಿ. ಇದೋಗಿ ಒಳ್ಳೇದು ಬತ್ತದೆ” ಅಂತ ಹಲ್ಲನ್ನು ಎತ್ತಿಕೊಂಡಳು. ಸಗಣಿಗೆ ಅತ್ತಿತ್ತ ನೋಡಿದಳು. ಬೀದಿಯ ಹಸುಗಳು ಮೇಯಕ್ಕೆ ಹೋಗಿದ್ದವು. ಆ ಹಸುಗಳಿಗೆ ನಾನು ಇವತ್ತಿಗೂ ಋಣಿ. “ಬರೀದೇ ಓಗ್ಲಿ” ಅಂದು ಕೈ ಬೀಸಿದಳು. ಹಲ್ಲು ಶೀಟಿನ ಮೇಲೆ ‘ಟಕ್’ ಅಂತ ಬಿದ್ದು, ಟಕಟಕ ಅಂತ ಜಾರಿ, ನಿಂತ ಸದ್ದು ಕೇಳಿಸಿತು. ಆ ಸದ್ದನ್ನೂ ನಾನು ಚೆನ್ನಾಗಿ ಮಾಡ್ತೀನಿ. ಆದರೆ ಅಜ್ಜಿ ಎದುರಿಗೆ ಮಾಡಲ್ಲ.

ಕೂಗು ಕೇಳಿ ಅಮ್ಮ ಮೇಲೆ ಬಂದಳು. ನನ್ನ ತುಟಿ ಎತ್ತಿ ನೋಡಿದವಳು ಅಜ್ಜಿಯ ಕಡೆ ತಿರುಗಿದಳು.

“ಅತ್ತೆ, ಇದು ಹಾಲುಹಲ್ಲಲ್ಲ. ಹಾಲುಹಲ್ಲು ಬಿದ್ದ ಮೇಲೆ ಹುಟ್ಟಿದ್ದು. ಹೋದ ವರ್ಷ ಹುಟ್ಟಿದ್ದು.”

“ಅಂಗಂದ್ರೆ?”

“ಇದು ಹೋದ್ರೆ ಇನ್ನೊಂದು ಬರಲ್ಲ ಅತ್ತೆ!”

ಅಜ್ಜಿ ತನ್ನ ಬಲಗೈಯನ್ನು ತಾನೇ ನೋಡಿಕೊಂಡಳು. ಆಮೇಲೆ ಶೆಡ್ಡನ್ನು ನೋಡಿದಳು.

ಅಮ್ಮ ಕೆಳಗೆ ಓಡಿ ಅಯಸ್ಕಾಂತದ ನಂಬರಿಗೆ ಫೋನ್ ಮಾಡಿದಳು. ಅಷ್ಟರಲ್ಲಿ ಇಲಿಯಾಸಣ್ಣ ಏಣಿ ಹಾಕಿ ಶೀಟಿನ ಮೇಲೆ ಹತ್ತಿದ್ದರು. ಕಣ್ಣಿಗೆ ಅಂಗೈ ನೆರಳು ಮಾಡಿಕೊಂಡು ಬಗ್ಗಿ ಬಗ್ಗಿ ಹುಡುಕಿ, ಮೇಲಿನಿಂದಲೇ ಕೂಗಿದರು:

“ಅಮ್ಮಾ, ಇಲ್ಲಿ ಮೂರು ಹಲ್ಲು ಐತೆ! ಯಾವ್ದು ಬೇಕು?”

ನಗಬೇಡಿ. ಆ ಹೊತ್ತಿಗೆ ನಮ್ಮಲ್ಲಿ ಯಾರೂ ನಗಲಿಲ್ಲ. ಅಮ್ಮ ಫೋನಿನಲ್ಲಿ ಅದನ್ನೇ ಕೇಳಿದಳು. ಆ ಕಡೆಯ ದನಿ ನನಗೂ ಕೇಳುವಷ್ಟು ಗಟ್ಟಿಯಾಗಿತ್ತು. “ಉದ್ದ ಬೇರು ಇರತೈತಿ ನೋಡ್ರಿ, ಅದು. ಉದುರಿದ ಹಾಲಹಲ್ಲಿಗೆ ಬೇರ ಇರೂದಿಲ್ಲ. ಬೇರು ಮುಟ್ಟಬ್ಯಾಡ್ರಿ, ಬಿಳೀ ಕಡೆ ಹಿಡೀರಿ. ಹಾಲಿನ್ಯಾಗ ಹಾಕ್ರಿ. ತಡಾ ಮಾಡಬ್ಯಾಡ್ರಿ. ಒಂದು ತಾಸಿನೊಳಗ ಬಂದ್ರ ನನ್ನ ಕೈಯಾಗ ಏನರ ಐತಿ, ಆಮ್ಯಾಲ ಹೇಳಾಕಾಗೂದಿಲ್ಲ.”

ಹೀಗೆ ಹೊರಟೆವು. ಇಲಿಯಾಸಣ್ಣನ ಗೂಡ್ಸ್ ಆಟೋದ ಹಿಂದೆ, ಖಾಲಿ ಟೊಮ್ಯಾಟೊ ಕ್ರೇಟುಗಳ ಮಧ್ಯೆ, ಅಮ್ಮನ ತೊಡೆಯ ಮೇಲೆ ನಾನು; ಎದುರಿಗೆ ಅಜ್ಜಿ, ಕೈಯಲ್ಲಿ ಸ್ಟೀಲ್ ಲೋಟ, ಲೋಟದಲ್ಲಿ ಹಾಲು, ಹಾಲಿನಲ್ಲಿ ನಾನು ಅಂತ ಹೇಳಬಹುದಾದ ಒಂದು ಚೂರು. ಅಮ್ಮ ಲೋಟ ಕೇಳಿದಳು. “ನಾ ಎಸ್ದೋಳು, ನಾನೇ ತತ್ತೀನಿ” ಅಂದಳು ಅಜ್ಜಿ. ಲೋಟದ ಬಾಯಿಗೆ ಅಂಗೈ ಮುಚ್ಚಿ ಹಿಡಿದಿದ್ದಳು.

ದೊಡ್ಡ ರಸ್ತೆಗೆ ಬಂದರೆ, ರಸ್ತೆ ಎಲ್ಲಿ? ವಾಯುನೆಲೆಯ ಗೋಡೆಯುದ್ದಕ್ಕೂ ಕಾರು ನಿಲ್ಲಿಸಿ, ಕಾರಿನ ಮೇಲೆ ಮಕ್ಕಳನ್ನು ನಿಲ್ಲಿಸಿ, ಇಡೀ ಬೆಂಗಳೂರು ಆಕಾಶ ನೋಡುತ್ತಿತ್ತು. ಬೈಕುಗಳು ಅಡ್ಡಡ್ಡ. ಕಲ್ಲಂಗಡಿ ಗಾಡಿಗಳು ಅಡ್ಡಡ್ಡ. ಇಲಿಯಾಸಣ್ಣ ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ. “ಹಟೋ ಭಾಯ್, ಹಟೋ! ಮಗೂದು ಹಲ್ಲು ಹೋಗ್ತಾ ಇದೆ!” ಕಲ್ಲಂಗಡಿ ತಿನ್ನುತ್ತಿದ್ದ ಒಬ್ಬ ತಿರುಗಿ, “ಹೋಗ್ಲಿ ಬಿಡಿ ಸಾಬ್ರೇ, ಇನ್ನೊಂದು ಬರುತ್ತೆ” ಅಂದ. ಅಮ್ಮ ಅವನನ್ನು ನೋಡಿದ ನೋಟಕ್ಕೆ ಅವನ ಕಲ್ಲಂಗಡಿ ಹಣ್ಣೇ ಬಿಳಿಚಿಕೊಂಡಿರಬೇಕು.

ನಾನು ಅಳುತ್ತಿದ್ದೆ. ನೋವಿಗೆ ಅಂತ ಎಲ್ಲರೂ ಅಂದುಕೊಂಡಿದ್ದರು. ನನಗೆ ಹೆದರಿಕೆ ಇದ್ದದ್ದು ಆ ಡಾಕ್ಟರದ್ದು. ಅವರ ದನಿ ತೆಗೆದು ಇಡೀ ಕ್ಲಾಸು ನಗಿಸಿದವನು ಈಗ ಅವರ ಕುರ್ಚಿಯಲ್ಲಿ ಬಾಯಿ ತೆರೆದು ಕೂರಬೇಕು, ಅವರ ಕೈಯಲ್ಲಿ ಇಕ್ಕಳ. ಯೋಚನೆ ಮಾಡಿ, ನೀವಾಗಿದ್ದರೂ ಅಳುತ್ತಿದ್ದಿರಿ.

ಅಷ್ಟರಲ್ಲಿ ಮುಂದಿನ ಕಾರು ಗಕ್ಕನೆ ನಿಂತಿತು. ಇಲಿಯಾಸಣ್ಣ ಬ್ರೇಕ್ ಒತ್ತಿದರು. ಕ್ರೇಟುಗಳು ನಮ್ಮ ಮೇಲೆ, ಲೋಟ ಅಜ್ಜಿಯ ಮಡಿಲಿಗೆ. ಹಾಲೆಲ್ಲ ಸೀರೆ ಕುಡಿಯಿತು. ಅಮ್ಮ ಕೂಗಿಕೊಂಡಳು. ಅಜ್ಜಿ ಮಡಿಲಿನ ನೆರಿಗೆಗಳನ್ನು ಒಂದೊಂದಾಗಿ ಬಿಡಿಸಿದಳು. ಹಲ್ಲು ಸಿಕ್ಕಿತು. ಬಿಸಿಲು ಸುಡುತ್ತಿತ್ತು. ಸುತ್ತ ಕಲ್ಲಂಗಡಿ ಇತ್ತು, ಬಾವುಟ ಇತ್ತು, ಪ್ಲಾಸ್ಟಿಕ್ ವಿಮಾನ ಇತ್ತು. ಹಾಲು ಮಾತ್ರ ಇರಲಿಲ್ಲ.

ಅಮ್ಮ ಮತ್ತೆ ಅದೇ ನಂಬರಿಗೆ ಫೋನ್ ಹಚ್ಚಿದಳು. “ಡಾಕ್ಟ್ರೇ, ಹಾಲು ಚೆಲ್ಲೋಯ್ತು…”

“ಒಣಗಾಕ ಬಿಡಬ್ಯಾಡ್ರಿ! ಹಾಲಿಲ್ಲಂದ್ರ ಎಂಜಲಾದ್ರೂ ನಡೀತೈತಿ. ಆ ಸಣ್ಣಾವನ ಬಾಯಾಗ ಮಾತ್ರ ಇಡಬ್ಯಾಡ್ರಿ, ಅಳತಾ ಅಳತಾ ನುಂಗ್ಯಾನು…”

ಮಾತು ಮುಗಿದಿರಲಿಲ್ಲ. ಅಜ್ಜಿ ಹಲ್ಲನ್ನು ತನ್ನ ಬಾಯಿಗೆ ಹಾಕಿಕೊಂಡುಬಿಟ್ಟಳು. ಎಡಗಡೆ ಕೆನ್ನೆಯೊಳಗೆ, ಸಾಮಾನ್ಯವಾಗಿ ಎಲೆಅಡಿಕೆ ಇಟ್ಟುಕೊಳ್ಳುವ ಜಾಗದಲ್ಲಿ. ಅಲ್ಲಿ ಅವಳ ಸ್ವಂತ ಹಲ್ಲುಗಳು ಯಾವಾಗಲೋ ಜಾಗ ಖಾಲಿ ಮಾಡಿದ್ದವು.

ನಮ್ಮ ಮನೆ ಮಾತಿನ ಮನೆ. ನಾನು ಹೀಗಾಗಿದ್ದು ಅಜ್ಜಿಯಿಂದ. ಅವಳು ನಿದ್ದೆಯಲ್ಲೂ ಯಾರನ್ನೋ ಆಡಿಕೊಳ್ಳುವವಳು. ಅಂಥವಳು ತುಟಿ ಬಿಗಿಹಿಡಿದು, ಎಂಜಲು ಕೂಡ ನುಂಗದೆ, ಕಣ್ಣು ಅಗಲಿಸಿಕೊಂಡು ಕೂತಳು. ಅಮ್ಮ ನಿಮಿಷಕ್ಕೊಂದು ಸಲ “ಅತ್ತೆ, ಇದ್ಯಾ?” ಅಂತ ಕೇಳೋದು, ಅಜ್ಜಿ ಕೆನ್ನೆ ಮುಟ್ಟಿ ತಲೆಯಾಡಿಸೋದು.

ಒಬ್ಬ ಪೊಲೀಸಪ್ಪ ಅಡ್ಡ ಬಂದ. “ಏಯ್, ಗೂಡ್ಸ್ ಗಾಡೀಲಿ ಜನ ತುಂಬಿದ್ದೀಯಾ? ಸೈಡಿಗೆ ಹಾಕು.”

“ಸಾರ್, ಎಮರ್ಜೆನ್ಸಿ ಸಾರ್, ಹಲ್ಲು…”

“ಯಾರ್ದು ಹಲ್ಲು? ಎಲ್ಲಿ?” ಅಂತ ಆತ ಹಿಂದಕ್ಕೆ ಬಂದು ಇಣುಕಿದ.

ಅಜ್ಜಿ ಅವನ ಕಡೆ ಬಗ್ಗಿದಳು. ಬಾಯಿ ತೆರೆದು ತೋರಿಸಿದಳು. ಬೋಳು ವಸಡಿನ ಪಕ್ಕದಲ್ಲಿ ಉದ್ದ ಬೇರಿನ ಒಂದೇ ಒಂದು ಬೆಳ್ಳನೆ ಹಲ್ಲು ಮಲಗಿದ್ದನ್ನು ಕಂಡು ಆತ ಒಂದು ಹೆಜ್ಜೆ ಹಿಂದೆ ಸರಿದ. ಅಮ್ಮ ನನ್ನ ತುಟಿ ಎತ್ತಿ ಖಾಲಿ ಜಾಗ ತೋರಿಸಿದಳು. ಆತ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ನೋಡಿದ. ಲೆಕ್ಕ ಹೊಂದಿತು. ಸೀಟಿ ಬಾಯಿಗೆ ಹೋಯಿತು. ನಿಂತಿದ್ದ ಬೈಕುಗಳನ್ನು ತಾನೇ ಎಳೆದು ಸರಿಸಿ ಸರ್ವೀಸ್ ರಸ್ತೆಗೆ ದಾರಿ ಮಾಡಿಕೊಟ್ಟ. “ಅಜ್ಜೀ, ಬಾಯ್ ಮುಚ್ಕೊಳ್ಳಿ, ನುಂಗ್ಬಿಟ್ಟೀರ!” ಅಂತ ಹಿಂದಿನಿಂದ ಕೂಗಿದ್ದು ತುಂಬ ದೂರ ಕೇಳಿಸಿತು.

ಕ್ಲಿನಿಕ್ಕಿನ ಗೋಡೆ ತುಂಬ ಜಿರಾಫೆ. ಬಾಗಿಲಲ್ಲೇ ನಾನು ಚೌಕಟ್ಟು ಹಿಡಿದು ನಿಂತುಬಿಟ್ಟೆ. ಅಮ್ಮ ಎಳೆದಳು. ಬಿಡಲಿಲ್ಲ. ಇಲಿಯಾಸಣ್ಣ ಬೆರಳು ಬಿಡಿಸಲು ನೋಡಿದರು, “ಫಿಕರ್ ನಕ್ಕೋ ಬೇಟಾ, ಏನೂ ನೋವಾಗಲ್ಲ.” ನೋವು ಅನ್ನೋ ಮಾತು ಕಿವಿಗೆ ಬಿದ್ದದ್ದೇ ನಾನು ಇನ್ನಷ್ಟು ಬಿಗಿಯಾಗಿ ಹಿಡಿದೆ. ಅಮ್ಮ ಗಡಿಯಾರ ನೋಡಿ ಅಳಲು ಶುರುಮಾಡಿದಳು. ಇಷ್ಟು ದೂರ ಬಂದ ಹಲ್ಲು ಬಾಗಿಲಲ್ಲಿ ಸಾಯುವುದರಲ್ಲಿತ್ತು.

ಡಾಕ್ಟರು ಹೊರಗೆ ಬಂದರು. ನನ್ನನ್ನು ನೋಡಿದರು. ಗುರುತು ಹಿಡಿದರು ಅಂತ ನನಗೆ ಗೊತ್ತಾಯಿತು. ಅಜ್ಜಿಯ ಕಡೆ ತಿರುಗಿದರು.

“ಹಲ್ಲೆಲ್ಲೈತಿ?”

ಅಜ್ಜಿ ಕೆನ್ನೆ ತೋರಿಸಿದಳು. ಡಾಕ್ಟರ ಮುಖದಲ್ಲಿ ನಗು ಬಂದು, ಅಲ್ಲೇ ನಿಂತು, ಒಳಗೆ ಹೋಯಿತು. “ಹಂಗಾರ ಮೊದಲ ಪೇಷಂಟ್ ನೀವ. ಬರ್ರಿ ಅಜ್ಜಿ, ಕುಂದರ್ರಿ.”

ಅಷ್ಟು ಸಣ್ಣ ಕುರ್ಚಿ. ಆನೆಮರಿ ಚಿತ್ರ ಇರುವ, ಮಕ್ಕಳ ಅಳತೆಯ ಕುರ್ಚಿ. ಹಾಲು ಮೆತ್ತಿದ ಸೀರೆಯಲ್ಲಿ ಅಜ್ಜಿ ಅದರ ಮೇಲೆ ಕಾಲು ಚಾಚಿ ಮಲಗಿದಳು. ಡಾಕ್ಟರು ನನ್ನ ಕಡೆ ತಿರುಗಲೇ ಇಲ್ಲ. ಅಜ್ಜಿಗೆ ಹೇಳುವ ಹಾಗೆ ಎಲ್ಲವನ್ನೂ ಗಟ್ಟಿಯಾಗಿ ಹೇಳಿದರು. “ಅಜ್ಜಿ, ಇದು ಕನ್ನಡಿ. ತಣ್ಣಗ ಹತ್ತತೈತಿ ನೋಡ್ರಿ. ಇದು ಲೈಟು. ಈಗ ಬಾಯಿ ತಗೀರಿ. ಹಾಂ. ಈಗ ನನ್ನ ಎರಡು ಬೆರಳು ಒಳಗ ಬರ್ತಾವು.” ಬೆರಳು ಹೋಯಿತು, ಹಲ್ಲು ಬಂತು. ಅಜ್ಜಿಗೆ ಏನೂ ಆಗಲಿಲ್ಲ. ನಾನು ಚೌಕಟ್ಟು ಯಾವಾಗ ಬಿಟ್ಟೆನೋ ನನಗೇ ಗೊತ್ತಿಲ್ಲ. ನೋಡಿದರೆ ಕುರ್ಚಿಯ ಪಕ್ಕದಲ್ಲಿದ್ದೆ.

ಬಾಯಿ ಖಾಲಿಯಾದದ್ದೇ ತಡ ಅಜ್ಜಿಗೆ ದಾರಿಯುದ್ದಕ್ಕೂ ತಡೆದದ್ದೆಲ್ಲ ಉಕ್ಕಿ ಬಂತು. “ನಾನೇ ಎಸ್ದೆ ಕಣವ್ವಾ! ಆಲಲ್ಲು ಅಂದ್ಕೊಂಡ್ಬುಟ್ಟೆ. ಈ ಕೈ ಸೇದೋಗ…”

“ಅಜ್ಜಿ, ಈಗ ಈ ಕೋಣ್ಯಾಗ ನಂದೊಂದ ದನಿ” ಅಂದರು ಡಾಕ್ಟರು, ಹಲ್ಲಿನ ಮೇಲೆ ಸಲೈನ್ ನೀರು ಬಿಡುತ್ತಾ. “ನೀವು ಒಣಗಾಕ ಬಿಟ್ಟಿಲ್ಲ. ನಿಮ್ಮ ಕೆಲಸ ನೀವು ಮಾಡೀರಿ. ಇನ್ನ ನಂದು, ಈ ಸಣ್ಣಾವಂದು.”

ಆಮೇಲೆ ಅಜ್ಜಿಯನ್ನು ಇಳಿಸಿ, ನನ್ನನ್ನು ಕುರ್ಚಿಗೆ ಹತ್ತಿಸಿ, ನನ್ನ ಕಡೆ ತಿರುಗಿದರು. “ಅವತ್ತ ಸಾಲ್ಯಾಗ ನನ್ನ ದನಿ ತಗದಿದ್ದೆಲ್ಲ?”

ನಾನು ಸತ್ತೆ ಅಂದುಕೊಂಡೆ.

“ಚಲೋ ತಗದಿದ್ದಿ. ಇವತ್ತು ಬೀಳೂ ಮುಂದ ಯಾರ ದನಿ ತಗ್ಯಾಕತ್ತಿದ್ದಿ?”

“ವಿಮಾಂದ್ದು” ಅಂದೆ, ರಕ್ತದ ಗುಳ್ಳೆಯ ಜೊತೆ.

“ಅದನ್ನ ತಗಿ ನೋಡೂಣು. ನಾ ಸಾಕನ್ನೂತನ ನಿಲ್ಲಸಬ್ಯಾಡ. ಅಳಾಕ ಅಡ್ಡಿಯಿಲ್ಲ. ಅಲ್ಲಾಡಬ್ಯಾಡ.”

ತೆಗೆದೆ. ಬಾಯಿ ಅಗಲಿಸಿ “ಆಆಆಆ…” ಅಂತ. ಈಗ ಗೊತ್ತಾಗುತ್ತೆ ಅವರ ಉಪಾಯ. ಆಗ ನಾನು ಇಡೀ ಅಲ್ಲಾಳಸಂದ್ರಕ್ಕೆ ಕಾರ್ಯಕ್ರಮ ಕೊಡುತ್ತಿದ್ದೆ ಅಂತಲೇ ತಿಳಿದಿದ್ದೆ. ವಸಡಿಗೆ ಸ್ಟ್ರಾಬೆರಿ ವಾಸನೆಯ ಮುಲಾಮು ಬಂತು. “ಈಗ ಒಂದು ಸೊಳ್ಳಿ ಕಡೀತೈತಿ” ಅಂದರು. ಕಡಿಯಿತು, ಸ್ವಲ್ಪ ದೊಡ್ಡ ಸೊಳ್ಳೆಯೇ. ವಿಮಾನ ಒಂದು ಸಲ ಕುಸಿಯಿತು. “ಇಂಜಿನ್ ಬಂದ್ ಮಾಡಬ್ಯಾಡ!” ಅಂದರು. ಮತ್ತೆ ಏರಿಸಿದೆ. ಅಂಗೈಯಗಲದ ಕೋಣೆಯಲ್ಲಿ ಕೇಳುತ್ತಿದ್ದದ್ದು ನನ್ನ “ಆಆಆಆ” ಒಂದೇ. ಅಜ್ಜಿ ಎರಡೂ ಕೈಯಲ್ಲಿ ತನ್ನ ಬಾಯಿ ಮುಚ್ಚಿಕೊಂಡಿದ್ದಳು. ಡಾಕ್ಟರು ಹಲ್ಲನ್ನು ಅದರ ಜಾಗಕ್ಕೆ ಒತ್ತಿದರು. ತಲೆಯೊಳಗೆ ‘ಕಟಕ್’ ಅಂತ, ಪೆಟ್ಟಿಗೆಯ ಚಿಲಕ ಬಿದ್ದ ಹಾಗೆ ಒಂದು ಸದ್ದು. ನಾನು ಇವತ್ತಿನವರೆಗೂ ಮಾಡಲಾಗದ ಸದ್ದು ಅದೊಂದೇ.

“ಕುಂತತು” ಅಂದರು ಡಾಕ್ಟರು. ಪಕ್ಕದ ಹಲ್ಲುಗಳಿಗೆ ಸೇರಿಸಿ ಕೂದಲೆಳೆಯ ತಂತಿ ಅಂಟಿಸಿದರು. ಅಮ್ಮ “ಉಳಿಯುತ್ತಾ?” ಅಂತ ಕೇಳಿದಳು. ಹೌದು ಅಂದಿದ್ದರೆ ಎಲ್ಲರಿಗೂ ಸುಲಭವಾಗುತ್ತಿತ್ತು. ಅವರು ಅನ್ನಲಿಲ್ಲ. ಕೈಗವಸು ಬಿಚ್ಚಿ, ಕುರ್ಚಿಯ ಎತ್ತರಕ್ಕೆ ಬಗ್ಗಿ, ಅಮ್ಮನಿಗಲ್ಲ, ನನಗೆ ಹೇಳಿದರು. “ನಂಗ ಗೊತ್ತಿಲ್ಲಪಾ. ಒಮ್ಮೆ ಬಿದ್ದು ಬಂದ ಹಲ್ಲು ಜೀವಮಾನ ಇರತೈತಿ ಅಂತ ಆಣಿ ಮಾಡಾಕಾಗೂದಿಲ್ಲ. ನಿನ್ನ ದವಡಿ ಬೆಳಿಯೂತನ ಅದು ಜಾಗಾ ಕಾಯ್ದ್ರ ನಂಗ ಸಾಕು. ದೊಡ್ಡಾವ ಆದಮ್ಯಾಲ ಹೋದ್ರ ಬ್ಯಾರೆ ದಾರಿ ಅದಾವು. ಅಲ್ಲೀತನ ಕಾಯೂದು ನಮ್ಮಿಬ್ಬರ ಕೆಲಸ.” ನನ್ನ ಹತ್ತಿರ ಹಾಗೆ, ದೊಡ್ಡವರ ಹತ್ತಿರ ಮಾತಾಡಿದ ಹಾಗೆ ಮಾತಾಡಿದ ಮೊದಲ ಮನುಷ್ಯರು ಅವರು. ಅವತ್ತಿನಿಂದ ಅವರ ದನಿ ಬಿಟ್ಟುಬಿಟ್ಟೆ ಅಂದುಕೊಳ್ಳಬೇಡಿ. ಪ್ರತಿ ಸಲ ತೋರಿಸಿಕೊಳ್ಳಲು ಹೋದಾಗ ಅವರೇ ಮಾಡಿಸುತ್ತಿದ್ದರು, ಬಾಗಿಲಲ್ಲಿ ಅಳುವ ಮಕ್ಕಳ ಎದುರಿಗೆ.

ಅಜ್ಜಿ ಮಾತ್ರ ಬದಲಾದಳು. ಬೀದಿಯಲ್ಲಿ ಯಾವ ಮಗು ಬಿದ್ದರೂ, ಮಂಡಿ ತರಚಿದರೂ ಸರಿ, ಲೋಟದಲ್ಲಿ ಹಾಲು ಹಿಡಿದು ಓಡಿ ಬರುವವಳಾದಳು. ಆಮೇಲೆ ಉದುರಿದ ನನ್ನ ಹಾಲುಹಲ್ಲುಗಳನ್ನು ಅವಳು ಎಸೆಯಲಿಲ್ಲ. “ನೀನೇ ಎಸ್ಕೋ” ಅಂತ ಒಳಗೆ ಹೋಗುತ್ತಿದ್ದಳು. ನಾನು ಎಸೆದರೆ ಶೆಡ್ಡಿಗೆ ತಲುಪುತ್ತಿರಲಿಲ್ಲ.

ಇವತ್ತು ಮಧ್ಯಾಹ್ನ ಅದೇ ಕ್ಲಿನಿಕ್ಕಿಗೆ ಒಬ್ಬನೇ ಹೋದೆ. ಜಿರಾಫೆಗಳು ಮಾಸಿವೆ, ಡಾಕ್ಟರಿಗೆ ನರೆ ಬಂದಿದೆ. ಅದೇ ಅಳತೆಯ ಕುರ್ಚಿಯಿಂದ ನನ್ನ ಮಂಡಿಗಳೆರಡೂ ಆಚೆ. ಎಕ್ಸ್‌ರೇ ನೋಡಿದರು. “ಬೇರೆಲ್ಲ ಕರಗೇತಿ. ದವಡಿ ಎಲುಬು ಉಳಿಸಿಕೊಟ್ಟು ಹೋಗಾಕತ್ತೈತಿ. ಹೊಸಾದು ಕೂಡಸಾಕ ದೊಡ್ಡವರ ಡಾಕ್ಟರ್ ಕಡೆ ಕಳಸ್ತೀನಿ. ತಗ್ಯೂದು ಮಾತ್ರ ನಾನ.” ಬಾಯಿ ತೆರೆದೆ. ಯಾರೂ ಹೇಳದೆ ವಿಮಾನ ಹೊರಟಿತು. ಹಲ್ಲು ಸದ್ದಿಲ್ಲದೆ ಬಂತು. ಅದನ್ನು ಹತ್ತಿಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, “ಚಲೋ ಕಾಯ್ತು” ಅಂದರು. ನನಗೆ ಹೇಳಿದರೋ ಹಲ್ಲಿಗೆ ಹೇಳಿದರೋ.

ದಾರಿಯುದ್ದಕ್ಕೂ ಅಂದುಕೊಂಡು ಬಂದೆ: ಅಜ್ಜಿಯ ಕೈಗೆ ಕೊಡ್ತೀನಿ, ಇಷ್ಟು ವರ್ಷದ ಭಾರ ಇಳಿಸಿಕೊಳ್ಳಲಿ, ಈಗ ಎಸೆಯಜ್ಜಿ ಅಂತೀನಿ. ಶೆಡ್ಡಿದ್ದ ಜಾಗದಲ್ಲಿ ಈಗ ಇಲಿಯಾಸಣ್ಣನ ಮೂರಂತಸ್ತಿನ ಮನೆ. ಪರವಾಗಿಲ್ಲ, ನಾನೇ ಮೇಲೆ ಹತ್ತಿಸುತ್ತೇನೆ. ಯಾವ ದನಿಯಲ್ಲಿ ಹೇಳಬೇಕು ಅನ್ನೋದನ್ನೂ ಗೊತ್ತುಮಾಡಿಕೊಂಡಿದ್ದೆ. ಪೊಲೀಸಪ್ಪನ ದನಿ.

ಅಜ್ಜಿ ನಡುಮನೆಯಲ್ಲಿ ಮಂಚದ ಮೇಲೆ ಕೂತಿದ್ದಳು. ಕಣ್ಣು ಮಂಜಾಗಿದೆ. ಹತ್ತಿ ಬಿಚ್ಚಿ ಅವಳ ಅಂಗೈಗೆ ಇಟ್ಟೆ. ಬೆರಳಿನಲ್ಲಿ ತಡವಿದಳು. ಎದ್ದಳು, ಗೋಡೆ ಹಿಡಿದು ಅಡುಗೆಮನೆಗೆ ಹೋದಳು. ಪಾತ್ರೆ ಸದ್ದಾಯಿತು. ಬೆಳಿಗ್ಗೆ ಉಕ್ಕಿ ಉಳಿದ ಹಾಲನ್ನು ಸ್ಟೀಲ್ ಲೋಟಕ್ಕೆ ಬಗ್ಗಿಸಿ, ಹಲ್ಲನ್ನು ಅದರೊಳಗೆ ಬಿಟ್ಟು, ತಂದಳು.

“ಒಣಗಿಸ್ಬುಟ್ಟೀಯ ಕಣ್ಲಾ. ಗಾಡಿ ತೆಗಿ, ಓಗುವ” ಅಂದಳು.

ಈ ಹಲ್ಲಿಗೆ ಇನ್ನು ಹಾಲು ಬೇಕಿಲ್ಲ ಅಂತ ಹೇಳಬೇಕಿತ್ತು. ಪೊಲೀಸಪ್ಪನ ದನಿ ಬರಲಿಲ್ಲ. ಡಾಕ್ಟರ ದನಿಯೂ ಬರಲಿಲ್ಲ. ಅವಳ ಪಕ್ಕದಲ್ಲಿ ಕೂತು, ಲೋಟದ ಬಾಯಿಗೆ ಮುಚ್ಚಿದ್ದ ಅವಳ ಅಂಗೈ ಮೇಲೆ ನನ್ನ ಅಂಗೈ ಇಟ್ಟೆ. ಚೆಲ್ಲದ ಹಾಗೆ.